ಕೋರಸ್ಸಿನ ಅಯ್ಯೋ

ಆ ಹಾಡಿನಲ್ಲಿ ನನ್ನದು ಒಂದೇ ಮಾತು.
ಅಯ್ಯೋ.
ನಾಲ್ಕು ಸಲ. ನಾಲ್ಕನೆಯದು ಸ್ವಲ್ಪ ಉದ್ದ.

ಎಪ್ಪತ್ತನಾಲ್ಕನೇ ಇಸವಿ, ಹಂಪನಕಟ್ಟೆ,
ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಕೋಣೆ.
ಫ್ಯಾನ್ ಹಾಕಿದರೆ ಮೈಕಿಗೆ ಕೇಳುತ್ತದೆಂದು
ಬಾಗಿಲು ಕಿಟಕಿ ಫ್ಯಾನು ಎಲ್ಲ ಬಂದ್.
ಬಾಲ್ತಜಾರ್ ರೇಗೊ ಬನಿಯನ್ನಿನಲ್ಲೇ ಹಾಡಿದ.
ಕರುಣಾಕರ ಸಾಲಿಯಾನನ ಬೆವರು ಬೊಂಗೊ ಮೇಲೆ ಬಿದ್ದು
ತಾಳ ಒದ್ದೆಯಾಯಿತು.
ಗೊತ್ತಿದ್ದವರಿಗೆ ರೆಕಾರ್ಡಿನಲ್ಲಿ ಈಗಲೂ ಕೇಳುತ್ತದೆ.

ನಾನು ಇಗರ್ಜಿಯ ಕ್ವಾಯರಿನವಳು,
ಸತ್ತವರಿಗೆ ಲ್ಯಾಟಿನಿನಲ್ಲಿ ಶಾಂತಿ ಬೇಡಿದ ಗಂಟಲು.
ಕೈಗೆ ಕೊಟ್ಟ ಕಾಗದದಲ್ಲಿ ಎರಡಕ್ಷರ.
"ಇದಕ್ಕೆ ನಾನು ಯಾಕೆ? ಬಸ್ಸಿನ ಕಂಡಕ್ಟರ್ ಸಾಕಲ್ಲ?"
"ನಿನ್ನ ಸ್ವರದಲ್ಲಿ ದುಃಖ ಉಂಟು, ಸೆವ್ರಿನ್," ಎಂದ ರೇಗೊ,
"ಒಂದು ಚಪ್ಪಲಿ ಹೋದದ್ದಕ್ಕೆ ಅಷ್ಟು ದುಃಖ ಬೇಕು."
ಹನ್ನೆರಡು ರೂಪಾಯಿ, ಒಂದು ಬನ್ಸು, ಅರ್ಧ ಲೋಟ ಚಾ.

ಹಾಡಾದರೂ ಎಂಥದು ಮಾರಾಯ್ರೆ?
ಬೆಂಗ್ರೆಯ ದೋಣಿ ಹತ್ತುವಾಗ ಒಬ್ಬನ
ಎಡಗಾಲಿನ ಚಪ್ಪಲಿ ಹೊಳೆಗೆ ಬೀಳುತ್ತದೆ.
ಆಚೆ ದಡದ ಹುಡುಗಿಗೆ ಕೂಗುತ್ತಾನೆ:
ತೇಲಿ ಬಂದರೆ ಎತ್ತಿಡು, ಬಲದ್ದು ನಾನು ತರುತ್ತೇನೆ,
ಜೋಡಿಯಾದರೆ ಮದುವೆ.
ಅರ್ಧ ತುಳು, ಅರ್ಧ ಕೊಂಕಣಿ,
ಪ್ರಾಸ ಕೂಡದಲ್ಲೆಲ್ಲ ಒಂದು ಡಾರ್ಲಿಂಗ್.
ಪಾದ್ರಿಗಳು "ಇದು ಹಾಡಾ?" ಎಂದು ಬೈದರು.
ಕನ್ನಡ ಪಂಡಿತರು ಏನೂ ಅನ್ನಲಿಲ್ಲ,
ನನಗೆ ನೋವಾದದ್ದು ಅದು.

ಆಮೇಲೆ ಅದು ಹೋಯಿತು ನೋಡಿ, ನೊಣದ ಹಾಗೆ,
ಯಾರ ಬಾಗಿಲೂ ತಟ್ಟದೆ.
ರೋಸಿನ ದಿನ ಮದುಮಗಳ ನೆತ್ತಿಗೆ ತೆಂಗಿನ ಹಾಲು ಸುರಿಯುವಾಗ
ಬ್ಯಾಂಡಿನವರು ಅದನ್ನೇ ಊದಿದರು.
ಯಕ್ಷಗಾನದ ಹಾಸ್ಯಗಾರ ಒಂಟಿ ಚಪ್ಪಲಿಯಲ್ಲಿ ರಂಗಕ್ಕೆ ಬಂದ,
ನಗು ತಡೆಯದೆ ಭಾಗವತರ ಜಾಗಟೆ ತಪ್ಪಿತು.
ದಕ್ಕೆಯಲ್ಲಿ ಬಲೆ ಎಳೆಯುವವರೂ ಈಗ ಅಯ್ಯೋ ಎಂದೇ ಎಳೆಯುವುದಂತೆ,
ಮೀನಿನ ಅಪ್ಪಿ ಬುಟ್ಟಿ ಮುಟ್ಟಿ ಆಣೆ ಹಾಕಿದಳು.
ಕುವೈತಿನಲ್ಲಿ ಊರಿನವರಿದ್ದ ಕೋಣೆಯ ಬಾಗಿಲಿಗೆ
ಒಂದು ಎಡ ಚಪ್ಪಲಿ ನೇತು ಹಾಕುತ್ತಿದ್ದರಂತೆ.
ಕಂಡರೆ ಅರ್ಥ: ಒಳಗೆ ಕುಚ್ಚಲು ಗಂಜಿ ಉಂಟು, ಬಾ.

ಕಡವು ನಿಲ್ಲಿಸುತ್ತಾರೆಂದು ಸುದ್ದಿಯಾದ ವರ್ಷ
ಬೆಂಗ್ರೆಯ ಜನ ಬೆಳಗಾತ ಬಂದು
ಆಫೀಸಿನ ಮೆಟ್ಟಿಲಲ್ಲಿ ಎಡಗಾಲಿನದ್ದು ಮಾತ್ರ ಬಿಟ್ಟು ಹೋದರು.
ಬ್ಯಾರಿ ಹೆಂಗಸರದು, ಮೊಗವೀರರದು,
ಶಾಲೆ ಮಕ್ಕಳ ಬಿಳಿ ಕ್ಯಾನ್ವಾಸು,
ಒಂದು ಪೊಲೀಸ್ ಬೂಟು ಕೂಡ. ಅದರ ಕತೆ ಇವತ್ತಿಗೂ ಯಾರೂ ಬಾಯಿಬಿಟ್ಟಿಲ್ಲ.
ಘೋಷಣೆ ಇಲ್ಲ, ಬ್ಯಾನರ್ ಇಲ್ಲ.
ದಫೇದಾರ ಮಧ್ಯಾಹ್ನದವರೆಗೆ ಜೋಡಿ ಹುಡುಕಿದ.
ಆ ದಿನ ಇಡೀ ಪೇಟೆ ಸ್ವಲ್ಪ ಕುಂಟಿತು.
ಕಡವು ಉಳಿಯಿತು.
ಮನೆಯಲ್ಲಿ ನಾನು ನನ್ನ ಬಲದ್ದನ್ನು
ತೊಳೆದು ಒಣಗಿಸಿ ಪೆಟ್ಟಿಗೆಯಲ್ಲಿಟ್ಟೆ.

ರೇಗೊನನ್ನು ಜೆಪ್ಪುವಿನಲ್ಲಿ ಮಣ್ಣು ಮಾಡಿದ ಸಂಜೆ
ಬ್ಯಾಂಡಿನವರಿಗೆ ಧೈರ್ಯ ಬರಲಿಲ್ಲ, ಶಾಸ್ತ್ರದ್ದನ್ನೇ ಊದಿದರು.
ಪೆಟ್ಟಿಗೆ ಇಳಿಯುವಾಗ ಹಿಂದಿನ ಸಾಲಿನಿಂದ
ಯಾರೋ ಮೆಲ್ಲಗೆ ಶುರು ಮಾಡಿದರು.
ಒಬ್ಬರಿಂದ ಒಬ್ಬರಿಗೆ ಹತ್ತಿ, ನಗುತ್ತ, ಮೂಗು ಒರೆಸುತ್ತ,
ನಾಲ್ಕನೇ ಅಯ್ಯೋ ಹತ್ತಿರ ಬಂತು.
ಎಲ್ಲರೂ ಹಾಡಿದರು.
ನನಗೆ ಸ್ವರ ಹೊರಡಲಿಲ್ಲ.

ಮೊನ್ನೆ ಸುಲ್ತಾನ್ ಬತ್ತೇರಿಯ ದೋಣಿಯಲ್ಲಿ
ಕಾಲೇಜಿನ ಹುಡುಗನೊಬ್ಬನ ಸ್ಯಾಂಡಲ್ ನಿಜವಾಗಿ ನೀರಿಗೆ ಬಿತ್ತು.
ಬಲಗಾಲಿನದ್ದು.
ಆದರೂ ದೋಣಿಗೆ ದೋಣಿಯೇ ಹಾಡಿತು,
ಸೈಕಲ್ ಹಿಡಿದವರು, ಬುರ್ಖಾದವರು, ಟಿಕೆಟ್ ಹರಿಯುವವನು.
ನಾನೂ ಬಾಯಿ ತೆರೆದೆ.
ಅಂದಿನ ಹಾಗೆಯೇ, ಹೊಟ್ಟೆಯಿಂದ, ಉದ್ದಕ್ಕೆ.

ಪಕ್ಕದಲ್ಲಿ ಕೂತ ಪೋರಿ, ಮುಂದಿನ ಎರಡು ಹಲ್ಲಿಲ್ಲದವಳು,
ನನ್ನ ಸೆರಗು ಎಳೆದಳು.
"ಅಜ್ಜೀ, ಅದು ಹಾಗಲ್ಲ."

"ಹಾಗಾದರೆ ಹೇಳಿಕೊಡು," ಎಂದೆ.
ಹೇಳಿಕೊಟ್ಟಳು.
ನನ್ನದಕ್ಕಿಂತ ಗಿಡ್ಡ, ಹಲ್ಲಿನ ಸಂದಿಯಿಂದ ಗಾಳಿ.
ಒಂದು ಚಪ್ಪಲಿಗೆ ಅಷ್ಟು ಸಾಕು.